ಕ್ರಮಸಂಖ್ಯೆ ಮೂವತ್ತೊಂದು

ಹಾಜರಿ ಪುಸ್ತಕದಲ್ಲಿ ನಿನ್ನ ಸಾಲಿಗೆ
ಕೆಂಪು ಶಾಯಿ ಹೆಚ್ಚು, ದ್ಯಾವಮ್ಮ.
ಸೋಮವಾರ ಗೈರು, ಮಂಗಳವಾರ ಗೈರು,
ಬುಧವಾರ ಮೊಟ್ಟೆ, ಆಗಲೂ ಗೈರು.
ಮೊಟ್ಟೆಗೂ ಬಾರದ ಮಗುವಿಗೆ
ಜ್ವರ ಇರಬೇಕು, ಇಲ್ಲವೇ ಕೆಲಸ.
ಇಪ್ಪತ್ತು ವರ್ಷದ ಚಾಕ್‌ಪುಡಿ ಕಲಿಸಿದ್ದು ಇಷ್ಟು.

ಸಂಜೆ ಹೊರಮಾವಿನ ಅಂಡರ್‌ಪಾಸು ದಾಟಿ
ಕಲ್ಕೆರೆ ಕಡೆ ನಡೆದೆ.
ನೆರಿಗೆಗೆಲ್ಲ ಸಿಮೆಂಟಿನ ಧೂಳು.
ಸೆಕ್ಯುರಿಟಿಯವನು ಕೇಳಿದ: ಫ್ಲಾಟು ನೋಡಲಿಕ್ಕಾ ಮೇಡಂ?
ಇಲ್ಲಪ್ಪ, ಐದನೇ ಕ್ಲಾಸಿನ ಹುಡುಗಿಯನ್ನು.

ನೀಲಿ ತಗಡಿನ ಸಾಲು. ನಾಲ್ಕನೇ ಶೆಡ್ಡು.
ತಮ್ಮನನ್ನು ತೊಡೆಯ ಮೇಲೆ ಮಲಗಿಸಿಕೊಂಡು
ಬೆರಳೆತ್ತಿ ಮಹಡಿ ಎಣಿಸುತ್ತಿದ್ದೆ.
"ಅವ್ವ ಹನ್ನೆರಡ್ರಾಗ ಅದಾಳ್ರಿ, ಅಪ್ಪ ಹದಿನಾಲ್ಕ್ರಾಗ.
ಇವನ್ನ ಯಾರ್ ಹಿಡೀಬೇಕ್ರಿ?"

ಇಲಾಖೆಯ ಯಾವ ಸುತ್ತೋಲೆಯಲ್ಲೂ
ಅದಕ್ಕೆ ಉತ್ತರವಿರಲಿಲ್ಲ. ಇದ್ದದ್ದು 'ಕಾರಣ' ಎಂಬ ಕಾಲಂ,
ಎರಡು ಬೆರಳಗಲ. ಮಾಳಪ್ಪ ಅದರಲ್ಲಿ ಹಿಡಿಸುವುದಿಲ್ಲ.

ಅವನನ್ನೂ ತಾ, ಅಂದೆ.
ಅಂದ ಮೇಲೆ ಹೆದರಿಕೆಯಾಯಿತು.

ಮಾರನೆಯ ದಿನದಿಂದ ನನ್ನ ಮೇಜಿನ ಕಾಲುಗಳಿಗೆ
ಹಳೆ ಸೀರೆಯ ಜೋಲಿ.
ಕನ್ನಡ ಪದ್ಯಕ್ಕೆ ನಿದ್ದೆ ಹೋಗುತ್ತಿದ್ದ, ಇಂಗ್ಲಿಷಿಗೆ ಅಳುತ್ತಿದ್ದ,
ಉಳಿದವರೂ ಹಾಗೇ.
ಅಡುಗೆಯ ಮುನಿರತ್ನಮ್ಮ ಅನ್ನ ನುಣ್ಣಗೆ ಕಿವುಚಿ
ತಿಳಿಸಾರು ಕಲಸಿ ತರುತ್ತಿದ್ದಳು, ಯಾರೂ ಹೇಳದೆ.
ತಪಾಸಣೆಗೆ ಬಂದ ಸಾಹೇಬರು ಬಗ್ಗಿ ನೋಡಿ
ಇದರ ಕ್ರಮಸಂಖ್ಯೆ ಎಷ್ಟು ಎಂದರು.
ಮೂವತ್ತೊಂದೂ ಕಾಲು, ಅಂದ ಹಿಂದಿನ ಬೆಂಚಿನ ತನ್ವೀರ.
ಸಾಹೇಬರು ನಕ್ಕರು. ನಕ್ಕಿದ್ದನ್ನು ವರದಿಯಲ್ಲಿ ಬರೆಯಲಿಲ್ಲ,
ಜೋಲಿಯನ್ನೂ.

ಮಗ್ಗಿ ಹದಿನಾರರವರೆಗೆ ಬಂತು ನಿನಗೆ,
ಕಟ್ಟಡ ಇಪ್ಪತ್ತೆರಡಕ್ಕೆ ಹೋಯಿತು.
ಬಿಲ್ಡರನ ದುಡ್ಡು ಮುಗಿಯಲಿ, ಮರಳು ಸಿಗದಿರಲಿ,
ಇನ್ನೆರಡು ಮಹಡಿ ನಿಧಾನವಾಗಲಿ
ಎಂದು ಒಳಗೊಳಗೇ ಬೇಡಿಕೊಂಡೆ.
ಪಾಪ, ಅಲ್ಲಿ ಮನೆ ಕೊಂಡವರು ಯಾರೋ,
ಬಾಡಿಗೆಯನ್ನೂ ಕಂತನ್ನೂ ಕಟ್ಟುತ್ತ ಕಾದವರು. ಕ್ಷಮಿಸಲಿ.

ಜನವರಿಯಲ್ಲಿ ಬಣ್ಣ ಬಳಿದರು.
ಬಣ್ಣ ಬಳಿದರೆಂದರೆ, ಶೆಡ್ಡು ಬಿಚ್ಚುತ್ತಾರೆ.

ಚೀಲ ಹೊತ್ತು ಬಾಗಿಲಲ್ಲಿ ನಿಂತೆ.
"ಸರ್ಜಾಪುರಕ್ಕ ಹೊಂಟೇವ್ರಿ.
ಭಾಗಾಕಾರ ಅರ್ಧಕ್ಕ ನಿಂತೈತ್ರಿ."

ವರ್ಗಾವಣೆ ಪತ್ರ ಬರೆಯುತ್ತ ಕೈ ತಡೆಯಿತು.
ಈ ಕಾಗದ ಎಷ್ಟೋ ಟ್ರಂಕುಗಳ ತಳದಲ್ಲಿ
ಮಡಿಕೆ ಬಿಚ್ಚದೆ ಹಳದಿಯಾಗಿದೆ.
ನಿನ್ನ ಕೈಗೆ ಕೊಟ್ಟೂ ನಂಬಿಕೆ ಸಾಲದೆ
ಆ ಕಡೆಯ ಶಾಲೆಗಳಿಗೆ ಒಂದೊಂದಾಗಿ ಫೋನ್ ಮಾಡಿದೆ.
ಮೂರನೆಯದರಲ್ಲಿ ಹಲೋ ಅಂದ ದನಿಗೆ
ನನ್ನದೇ ಸುಸ್ತು.

ಒಬ್ಬಳು ಬರ್ತಾಳೆ, ದ್ಯಾವಮ್ಮ ಅಂತ.
ಸೋಮವಾರದೊಳಗೆ ಬಾರದಿದ್ದರೆ ನೀವೇ ಹೋಗಿ ನೋಡಿ,
ತಗಡು ನೀಲಿ ಇರುತ್ತೆ.
ಜೊತೆಗೊಬ್ಬ ತಮ್ಮ. ಈಗ ನಡೀತಾನೆ, ತೊಂದರೆ ಕೊಡಲ್ಲ.
(ಕೊಡುತ್ತಾನೆ.)

ಆ ತುದಿಯಲ್ಲಿ ಕುಕ್ಕರಿನ ಸದ್ದು, ಮಗ್ಗಿಯ ಸದ್ದು,
ಎಲ್ಲೋ ಒಂದು ಕೂಸು ಅಳುವ ಸದ್ದು.
"ಇಲ್ಲಿ ಆಗಲೇ ಇಬ್ಬರಿದ್ದಾರೆ ಮೇಡಂ, ಮೂರನೆಯವನಿಗೂ ಜಾಗ ಆಗುತ್ತೆ.
ಹುಡುಗಿಯ ಲೆಕ್ಕ ಎಲ್ಲಿಗೆ ನಿಂತಿದೆ, ಹೇಳಿ."