ಒಂದೂವರೆ

ಈ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಲವ್.
ಬಸ್ಸಿನ ಡ್ರೈವರು ಚಿಲ್ಲರೆ ಕೊಡುತ್ತ, ಹಿಡಿ ಲವ್.
ಮೀನಂಗಡಿಯ ಮುದುಕಿ ಕಾಗದ ಸುತ್ತುತ್ತ, ಮತ್ತೇನು ಲವ್.
ಕಾರಿಗೆ ದಂಡದ ಚೀಟಿ ಅಂಟಿಸಿದವನೂ
ಗ್ಲೌಸು ಕಳಚಿ ಅಂದ: ಸಾರಿ ಲವ್.
ಶೆಫೀಲ್ಡಿಗೆ ಬಂದ ಹೊಸತರಲ್ಲಿ
ದಿನಕ್ಕೆಷ್ಟು ಸಲ ಎಂದು ಎಣಿಸಿಟ್ಟುಕೊಂಡು
ರಾತ್ರಿ ಭರತೇಶನಿಗೆ ಲೆಕ್ಕ ಒಪ್ಪಿಸುತ್ತಿದ್ದೆ.
ಹದಿನೇಳು, ಅನ್ನುತ್ತಿದ್ದೆ.
ಅವನು ಸಾಕ್ಸು ಮಡಚುತ್ತ,
ನಂದು ಸೇರಿಸೋ, ಬಿಟ್ಟೋ? ಅನ್ನುತ್ತಿದ್ದ.
ಅವನದು ಇರುತ್ತಲೇ ಇರಲಿಲ್ಲ.
ಚಿಕ್ಕೋಡಿ ಕಡೆಯ ಬಾಯಿ ಅದು,
ಬಂದಿ? ಉಂಡಿ? ಮಲ್ಕೋ,
ಇಷ್ಟರಲ್ಲೇ ಸಂಸಾರ ಮುಗಿಸುವ ಬಾಯಿ.

ವಾಕ್ಲಿಯ ಏರಿನಲ್ಲಿ ನಮ್ಮ ಮನೆ,
ಅಂಟಿಕೊಂಡ ಸಾಲಿನಲ್ಲಿ ಒಂಬತ್ತನೆಯದು.
ಹಿಂದಿನವರು ಅಡುಗೆಮನೆಗೆ ಬಳಿದು ಹೋದ ಹಳದಿ
ಇನ್ನೂ ಹಾಗೇ ಇದೆ.
ಗೋಡೆಯ ಮೇಲೆ ಬಾಯ್ಲರು. ಅದರ ಹೊಟ್ಟೆಯಲ್ಲೊಂದು ಸೂಜಿ.
ಒಂದೂವರೆಯಲ್ಲಿ ನಿಲ್ಲಬೇಕು.
ನಿಲ್ಲುತ್ತಿರಲಿಲ್ಲ.
ಎಲ್ಲೋ ಸೋರುತ್ತಿತ್ತು; ನೆಲ ಒಣಗಿದೆ, ಗೋಡೆ ಒಣಗಿದೆ,
ರೇಡಿಯೇಟರಿನ ಅಡಿ ಹಾಸಿದ ಟಿಶ್ಯೂ ಕೂಡ ಗರಿಗರಿ,
ಆದರೂ ಬೆಳಗಾಗುವಷ್ಟರಲ್ಲಿ ಸೂಜಿ ಸೊನ್ನೆಗೆ ಒರಗಿ
ಮನೆಯೆಲ್ಲ ಕೊರೆತ.
ಆಗ ಯಾರಾದರೂ ಎದ್ದು, ಕತ್ತು ಬಗ್ಗಿಸಿ,
ಅಡಿಯ ಕರಿ ಕೊಕ್ಕೆಯನ್ನು ಕಾಲುಸುತ್ತು ತಿರುವಿ
ಸುಯ್ ಎಂದು ನೀರು ಏರುವುದನ್ನು ಆಲಿಸಿ
ಸರಿಯಾದ ಹೊತ್ತಿಗೆ ನಿಲ್ಲಿಸಬೇಕು.
ಯಾರಾದರೂ ಅಂದರೆ ನಾನು, ಇಲ್ಲವೆ ಅವನು.
ಆರು ಚಳಿಗಾಲ. ಸರದಿ ಎಂದು ಬರೆದಿಟ್ಟಿರಲಿಲ್ಲ.

ಹೋದ ಫೆಬ್ರುವರಿಯಲ್ಲಿ ಮಾತು ಬಿಟ್ಟೆವು.
ನನ್ನ ಕೆಲಸ ಹೋಗಿತ್ತು. ಮೂರು ವಾರ ಹೇಳಿರಲಿಲ್ಲ;
ಡಬ್ಬಿ ಕಟ್ಟಿಕೊಂಡು ಹೋಗಿ ಲೈಬ್ರರಿಯಲ್ಲಿ ಕೂರುತ್ತಿದ್ದೆ.
ಅವನಿಗೆ ಎರಡನೇ ದಿನವೇ ಗೊತ್ತಿತ್ತು. ಕೇಳಿರಲಿಲ್ಲ.
ಯಾರದು ದೊಡ್ಡ ತಪ್ಪು?
ಇವತ್ತಿಗೂ ತೀರ್ಮಾನವಾಗಿಲ್ಲ.
ಅವನು ಮೇಲಿನ ಕೋಣೆಗೆ ದಿಂಬು ಒಯ್ದ.
ನಾನು ಬ್ರಿಸ್ಟಲಿನಲ್ಲೊಂದು ರೂಮಿನ ಬಾಡಿಗೆ ವಿಚಾರಿಸಿದೆ.
ಹಿಮ ಬಿದ್ದು ಏರು ಜಾರುಬಂಡೆಯಾಯಿತು, ಬಸ್ಸು ಹತ್ತಲಿಲ್ಲ,
ಒಂದೇ ಒಲೆಯ ಮೇಲೆ ಬೇರೆ ಬೇರೆ ಚಹಾ.

ಐದನೆಯ ದಿನವೋ ಆರನೆಯದೋ,
ನಸುಕಿನಲ್ಲಿ ನೀರು ಕುಡಿಯಲು ಇಳಿದೆ.
ದೀಪ ಹಾಕದೆ ಪೈಪಿನ ಮೇಲೆ ಕೈಯಿಟ್ಟೆ.
ಬೆಚ್ಚಗಿತ್ತು.
ಕೊಕ್ಕೆಯ ಕೆಳಗೆ ನೆಲದಲ್ಲಿ ಒಂದು ಹನಿ, ಇನ್ನೂ ಆರಿರಲಿಲ್ಲ.
ಮೊದಲು ಬಂದದ್ದು ಸಿಟ್ಟೇ.
ಮರುದಿನ ನಾಲ್ಕಕ್ಕೆ ಎದ್ದು ನಾನು ತಿರುವಿದೆ.
ಅದರ ಮರುದಿನ ಅವನು ಮೂರೂವರೆಗೆ.
ಹೀಗೆ ತುಟಿ ಬಿಚ್ಚದೆ ಪೈಪೋಟಿಗೆ ಬಿದ್ದು
ಹನ್ನೊಂದನೆಯ ರಾತ್ರಿ, ಅವನು ತುಂಬಿದ್ದನ್ನು ನೋಡದೆ ನಾನೂ ತುಂಬಿ,
ಸೂಜಿ ಮೂರು ದಾಟಿ ಕೆಂಪಿಗೆ ಹೋಗಿ
ಹೊರಗೋಡೆಯ ನಳಿಗೆ ಪಕ್ಕದವರ ಕಸದ ಡಬ್ಬಿಯ ಮೇಲೆ
ಬಿಸಿನೀರು ಕಕ್ಕಿತು.
ಅವನು ದಡದಡ ಇಳಿದು ಬಂದ.
ನೀ ತಿರುವಿದ್ದೇನು?
ನೀನೂ ತಿರುವಿದ್ಯಾ?
ಅಷ್ಟು ದಿನಗಳಲ್ಲಿ ಮೊದಲ ಮಾತು ಅದು.
ಟವೆಲ್ ತಾ, ಎನ್ನುವುದು ಎರಡನೆಯದು.

ಏಪ್ರಿಲಿನಲ್ಲಿ ಗ್ಯಾಸಿನ ಟ್ರೆವರ್ ಬಂದು
ಮೆಟ್ಟಿಲಡಿಯ ಹಲಗೆ ಕಿತ್ತು ಸೋರಿಕೆ ಹಿಡಿದ.
ತಾಮ್ರದ ಮೇಲೆ ಕಡಲೆಯಷ್ಟು ಹಸಿರು ಕಲೆ.
ಇಷ್ಟು ವರ್ಷ ಹೇಗೆ ನಿಭಾಯಿಸಿದಿರಿ ಲವ್? ಅಂದ.
ಭರತೇಶ ನನ್ನತ್ತ ನೋಡಿದ.
ನಾನು, ಸಕ್ಕರೆ ಎಷ್ಟು ಚಮಚ ಎಂದು ಟ್ರೆವರನ್ನು ಕೇಳಿದೆ.

ಈಗ ಸೂಜಿ ಕದಲುವುದಿಲ್ಲ.
ನನಗೆ ಮಾತ್ರ ಐದಕ್ಕೆ ಎಚ್ಚರ.
ಇಳಿದರೆ ಕೆಲವು ಬೆಳಗು ಅವನು ಆಗಲೇ ಅಲ್ಲಿ,
ಬನಿಯನ್ನಿನಲ್ಲಿ, ಬರಿಗಾಲಲ್ಲಿ, ಹಳದಿ ಗೋಡೆಯೆದುರು.
ಎಷ್ಟಿದೆ? ಅನ್ನುತ್ತೇನೆ.
ಅಷ್ಟ ಐತಿ, ಅನ್ನುತ್ತಾನೆ,
ಇನ್ನೊಂದು ಕುರ್ಚಿಯನ್ನು ಕಾಲಿನಿಂದ ಎಳೆಯುತ್ತ.