ರುಖಯ್ಯಾನ ಡಬ್ಬಿ

ಕೋಚ್ ಸಾಹೇಬ್ರು ಒಂದು ಬಾಟಲಿ ತಂದು
ಕಟ್ಟಿ ಮ್ಯಾಲ ಇಟ್ರು.
"ನೀಲವ್ವ, ನಾಳಿಂದ ಹುಡುಗ್ಯಾರಿಗೆ ಇದು.
ಮುಂಜಾನಿ ಎರಡೆರಡು ಚಮಚ, ಬ್ರೆಡ್ಡಿಗೆ ಸವರಿ."
ಹೊರಗ ಇನ್ನಾ ಕತ್ತಲ. ಹದಿನಾಲ್ಕು ಸೈಕಲ್ಲು
ವಿಜಯಪುರದ ಥಂಡಿಗೆ
ಗೋಡಿಗೆ ಮೈ ಹಚ್ಚಿ ನಿಂತಿದ್ದವು.

ಮುಚ್ಚಳ ತಿರುವಿ ಒಂದು ಬಟ್ಟು ನೆಕ್ಕಿದೆ.
ಸಿಹಿ. ಮ್ಯಾಲ ಉಪ್ಪು. ಅದರ ಮ್ಯಾಲೂ ಸಿಹಿ.
ಶೇಂಗಾ ಎಲ್ಲೋ ಒಳಗ ಕುಂತು
ಕರೀದ ಮದಿವಿಗೆ ಬಂದ ನೆಂಟನಂಗ
ಮಾತಾಡಲಿಕ್ಕೆ ನಾಚತಿತ್ತು.
ಬಾಟಲಿ ಬೆನ್ನಿನ ಸಣ್ಣ ಅಕ್ಷರ
ತಾಂಡಾದ ಸುನಂದಾ ಓದಿ ಹೇಳಿದ್ಲು:
ಸಕ್ಕರಿ, ತಾಳಿ ಎಣ್ಣಿ, ಇನ್ನೇನೋ ಒಂದು ನಂಬರು.
"ರೊಕ್ಕಾ ಎಷ್ಟು?" ಅಂದೆ.
ಅಕಿ ಓದಿ ಬಾಯಿ ಮುಚ್ಕೊಂಡ್ಲು.

ನಾ ಲೆಕ್ಕಾ ಹಾಕೂದು ಬೆರಳಿನಾಗ.
ಆ ಒಂದು ಬಾಟಲಿ ರೊಕ್ಕಕ್ಕ
ಮಲ್ಲೇಶಪ್ಪನ ಅಂಗಡ್ಯಾಗ ಎರಡೂವರಿ ಕಿಲೋ ಶೇಂಗಾ,
ಕೆಂಪು ಸಿಪ್ಪಿವು, ಸಣ್ಣಾವು, ಎಣ್ಣಿ ಬಿಡಾವು.
ದಪ್ಪನ್ನಾವು ನೋಡಲಿಕ್ಕಷ್ಟ ಚಂದ.

ಹುರಿಯೂದ್ರಾಗ ಐತಿ ಎಲ್ಲಾ.
ಉರಿ ಸಣ್ಣಗ. ಚಟ್ ಅಂದಾಗ ಕಿವಿ ಕೊಡಬೇಕು,
ಎರಡನೇ ಚಟ್ಟಿಗೆ ಇಳಿಸಬೇಕು, ಮೂರನೇದು ಕಹಿ.
ಮರದಾಗ ಹಾಕಿ ಕೇರಿದ್ರ ಸಿಪ್ಪಿ ಹಾರಿ
ಸೈಕಲ್ ಚೈನಿಗೆ ಅಂಟತಾವ, ಸಾಹೇಬ್ರು ಬೈತಾರ.
ಮಿಕ್ಸರಿನ್ಯಾಗ ಮೊದಲ ಪುಡಿ, ಆಮ್ಯಾಲ ಉಂಡಿ,
ತಾಳಿದ್ರ ತನ್ನ ಎಣ್ಣಿ ತಾನ ಬಿಟ್ಟು ಬೆಣ್ಣಿ.
ಒಂದು ಚಿಮಟಿಗಿ ಉಪ್ಪು, ಒಂದು ಹಳಕು ಬೆಲ್ಲ.
ಬ್ರೆಡ್ಡಿಗಲ್ಲ, ಬಿಸಿ ರೊಟ್ಟಿಗೆ ಸವರಿದೆ.
ಹದಿಮೂರು ಮಂದಿ ಬಟ್ಟು ನೆಕ್ಕಿದ್ರು.

ಹದಿನಾಲ್ಕನೇದಕಿ ರುಖಯ್ಯಾ
ಒಣಾ ರೊಟ್ಟಿ ಮುರದು ಚಹಾದಾಗ ಅದ್ದತಿದ್ಲು.
ಮೂರು ದಿನಾ ನೋಡಿದೆ. ನಾಲ್ಕನೇ ದಿನಾ
ಭಾಂಡೆ ತೊಳಿಯೋ ಹೊತ್ತಿನ್ಯಾಗ ಕೇಳಿದೆ.
"ಶೇಂಗಾ ನನಗ ಆಗಿಬರಂಗಿಲ್ರಿ. ತುಟಿ ಬಾತು
ಉಸಿರು ಗಂಟಲದಾಗ ನಿಲ್ಲತೈತಿ.
ಸಾಹೇಬ್ರಿಗೆ ಹೇಳಬ್ಯಾಡ್ರಿ, ಟೀಮಿನಿಂದ ತಗೀತಾರ."

ನಾ ಹೇಳಿದೆ.
ಅಕಿ ಎರಡು ದಿನಾ ಮಾತು ಬಿಟ್ಲು.
ಸಾಹೇಬ್ರು ಅಕಿನ ತಗೀಲಿಲ್ಲ,
ದವಾಖಾನಿಗೆ ಕರಕೊಂಡು ಹೋದ್ರು.
ಉಳದ ಬೀಜಾ ತಿನ್ನಲಿ ಅಂತ ಡಾಕ್ಟರು ಚೀಟಿ ಬರದ್ರು.

ಆ ಚೀಟಿ ಹಿಡಕೊಂಡು ಚೀಲಗಳ ಮುಂದ ಕುಂತೆ.
ಅಗಸಿ ಮೈಗೆ ಚಲೋ, ಖರೆ, ಆದ್ರ ಹುಡುಗ್ಯಾರ ನಾಲಿಗಿಗೆ ಲೋಳಿ.
ಎಳ್ಳು ರುಚಿಗೆ ರಾಣಿ, ಕಿಸೆಕ್ಕ ಕತ್ರಿ.
ಕುಸುಬಿ ಸಿಪ್ಪಿ ಬಿಡಿಸೂದ್ರಾಗ ನನ್ನ ಸೊಂಟ ಹೋದೀತು.
ಉಳದದ್ದು ಗುರೆಳ್ಳು.
ಇರವಿಗಿಂತ ಕರೇದು, ಹುರದ್ರ
ತಗಡಿನ ಮ್ಯಾಲ ಸಣ್ಣ ಮಳಿ ಬಿದ್ದಂಗ ಸಪ್ಪಳ.
ಮೂರು ಪಾಲು ಇದು, ಒಂದು ಪಾಲು ಎಳ್ಳು,
ಬಳ್ಳೊಳ್ಳಿ, ಖಾರ, ಹುಣಸಿ,
ಮೆತ್ತಗಾಗೂವಷ್ಟು ಕುಸುಬಿ ಎಣ್ಣಿ.
ಮಿಕ್ಸರ್ ಮುಟ್ಟಲಿಲ್ಲ, ಅದರ ಸಂದ್ಯಾಗ ಶೇಂಗಾ ಕುಂತಿರತೈತಿ.
ಅತ್ತಿ ಕಾಲದ ಕಲ್ಬತ್ತ ಮನಿಯಿಂದ ಹೊತ್ತು ತಂದೆ,
ತಿಕ್ಕಿದೆ, ಕುದಿಯೋ ನೀರು ಹಾಕಿದೆ, ಮತ್ತ ತಿಕ್ಕಿದೆ.
ಅಕಿದ ಡಬ್ಬಿ ಬ್ಯಾರೆ, ಚಮಚ ಬ್ಯಾರೆ.
ಸುನಂದಾ ಹೆಸರು ಬರದ್ಲು,
ನನ್ನ ಗುರುತಿಗೆ ನಾ ಕೆಂಪು ದಾರ ಕಟ್ಟಿದೆ.

ಈಗ ಎಲ್ಲಾರೂ ಆ ಡಬ್ಬಿಗೇ ಕೈ ಹಾಕತಾರ.
ಶೇಂಗಾ ಹಚ್ಚಿದ ಕೈಲೆ ಬಂದ್ರ
ಲಟ್ಟಣಿಗಿ ತೋರಸ್ತೀನಿ.
ಆ ಬಾಟಲಿ ಇನ್ನಾ ಆಫೀಸಿನ ಕಪಾಟಿನ್ಯಾಗ ಐತಿ,
ಸಾಹೇಬ್ರು ಒಬ್ರ ಇದ್ದಾಗ ಬೆರಳು ಹಾಕತಾರಂತ.

ಹೋದ ವಾರ ಜಮಖಂಡಿಯಾಗ ರೇಸು. ರುಖಯ್ಯಾ ಮೂರನೇದಕಿ.
ಪೇಪರಿನ್ಯಾಗ ಫೋಟೋ: ಕೊಳ್ಳಾಗ ಪದಕ, ಮಾರಿ ತುಂಬ ನಗಿ,
ಮುಂದಿನ ಎರಡು ಹಲ್ಲಿನ ನಡಕ
ಒಂದು ಕರಿ ಚುಕ್ಕಿ.
ಮಂದಿ ಹುಳಕ ಹಲ್ಲು ಅಂತ ತಿಳದಾರು.
ಕೆಳಗಿಂದು ಸುನಂದಾ ಓದಿದ್ಲು: ಹೆಸರು, ಊರು, ಎಷ್ಟು ನಿಮಿಷ.
ಚುಕ್ಕಿ ಬಗ್ಗೆ ಏನೂ ಬರದಿಲ್ಲಂತ.

ಆ ಪೇಪರಿನ್ಯಾಗ
ನನಗ ಓದಾಕ ಬಂದದ್ದು ಅದೊಂದ.