ಮೊನ್ನಿ ಅಂದ್ರ ಯಾವಾಗ

ಚಿತ್ತಾಪುರದ ತಹಸೀಲ್ ಕಚೇರ್ಯಾಗ
ಮೂರನೇ ಕಿಟಕಿ ನಂದು.
ಪಿಂಚಣಿ, ವಾರಸಾ, ಮರಣದ ದಾಖಲೆ.
ಕಿಟಕಿ ಕೆಳಗ ಶಹಾಬಾದ್ ಕಲ್ಲಿನ ಕಟ್ಟಿ,
ಪಾಳಿ ಹಚ್ಚಿದವರು ಕುಂತು ಕುಂತು
ನಡುವ ತಗ್ಗು ಬಿದ್ದದ.

"ಗಂಡ ತೀರಿದ್ದು ಯಾವಾಗಬೇ?"
"ಮೊನ್ನಿ."
"ಮೊನ್ನಿ ಅಂದ್ರ?"
"ಮೊನ್ನೀರಿ ಯಪ್ಪಾ. ಮೊನ್ನಿ."
ಪಕ್ಕದಾಕಿ ಸಾಕ್ಷಿ ಹೇಳ್ತಾಳ,
"ಹೌದ್ರಿ ಸಾಹೇಬ್ರ, ಮೊನ್ನೇ. ನಾನೇ ಮಣ್ಣಿಗಿ ಹೋಗಿದ್ದೆ."
ಗುಂಡಮ್ಮನ ಹಿಂದ ನಿಂತ ಮೊಮ್ಮಗನಿಗಿ
ಮೀಸಿ ಬಂದಾವ.
ಅಂವ ಹುಟ್ಟೂದರಾಗ ಮುತ್ಯಾ ಇದ್ದಿಲ್ಲ.
ಎರಡೆಕರೆ ಹೊಲ ಮಾತ್ರ
ಇನ್ನಾ ಮುತ್ಯಾನ ಹೆಸರ್ಲೇ ಅದ.

ನಮ್ಮ ಸೀಮ್ಯಾಗ ಮೊನ್ನಿ ಅಂದ್ರ
ನಿನ್ನಿಯ ಹಿಂದಿನ ದಿನ ಅಲ್ಲ,
ನಿನ್ನಿಯ ಹಿಂದ ಇರೋದೆಲ್ಲ.
ನಿಜಾಮನ ರೊಕ್ಕ ಬಂದಾಗಿದ್ದು ಮೊನ್ನಿ.
ಮಾಣಿಕಪ್ಪನ ಹೋಟೆಲ್ಲಿನ ಸುಸಲಾಕ್ಕ ಉಪ್ಪು ಹೆಚ್ಚಾಗಿದ್ದೂ ಮೊನ್ನಿ
(ಇದು ಖರೇನೇ ಮೊನ್ನಿ. ನಾನೂ ತಿಂದೀನಿ.)

ಟೇಲರ್ ಲಾಡ್ಲೆಸಾಬನ 'ಪರಸೋ' ಇದಕ್ಕಿಂತಾ ಜಬರ್ದಸ್ತ್,
ಹಿಂದಕ್ಕೂ ಹೋಗ್ತದ, ಮುಂದಕ್ಕೂ ಬರ್ತದ.
ಅಂಗಿ ಅರಿವಿ ಕೊಟ್ಟಿದ್ದು ಪರಸೋ,
ಅಂಗಿ ಸಿಗೋದೂ ಪರಸೋ.
ನಡುವ ನನ್ನ ಹೊಟ್ಟಿ
ನಾಕು ಬೆರಳು ಮುಂದ ಬಂದದ.
"ನೋಡ್ರಿ, ತಡಾ ಮಾಡಿದ್ದೇ ಛಲೋ ಆಯ್ತು," ಅಂತಾನ,
ಟೇಪು ಕೊರಳಿಂದ ತೆಗೀಲಿಕ್ಕೂ ಹೋಗಂಗಿಲ್ಲ.

ಹುಟ್ಟು ಮಾತ್ರ ಭಾಳ ಸೋವಿ.
ಇಡೀ ತಾಲೂಕು ಹುಟ್ಟಿದ್ದು ಜೂನ್ ಒಂದಕ್ಕ.
ಸಾಲಿಗಿ ಹೆಸರು ಹಚ್ಚುವಾಗ ಹೆಡ್ ಮಾಸ್ತರು
ಬಲಗೈ ನೆತ್ತಿ ದಾಟಿಸಿ ಎಡಗಿವಿ ಮುಟ್ಟಸ್ತಿದ್ರು.
ಮುಟ್ಟಿತಾ? ಆರು ತುಂಬ್ಯಾವ. ಬರೀ, ಜೂನ್ ಒಂದು.
ನಂದೂ ಅದೇ, ನನ್ನ ಹೆಣ್ತೀದೂ ಅದೇ,
ನಮ್ಮ ಶಿರಸ್ತೇದಾರರದೂ ಅದೇ.
ಆವತ್ತು ಬ್ಯಾಂಕಿನವರ ಶುಭಾಶಯ ಬರ್ತದ,
ಕಚೇರಿ ತುಂಬ ಒಮ್ಮೆಲೇ ಟಿಣ್ ಟಿಣ್ ಟಿಣ್,
ಯಾರೂ ಫೋನ್ ಎತ್ತಿ ನೋಡಂಗಿಲ್ಲ.
ಮೈಸೂರು ಕಡಿಯಿಂದ ಬಂದ ಟೈಪಿಸ್ಟ್ ಒಬ್ಬಾಕಿ
ಮೊದಲ ವರ್ಷ ಎಲ್ಲರಿಗೂ ಕೈ ಕುಲುಕಿ
ಕೈ ನೋಯಿಸ್ಕೊಂಡಳು.

ಸಾವಿಗಿ ಯಾವ ಮಾಸ್ತರೂ
ಕಿವಿ ಮುಟ್ಟಿಸಿ ನೋಡಂಗಿಲ್ಲ.

ಕಂಪ್ಯೂಟರಿಗಿ ಮೊನ್ನಿ ಗೊತ್ತಿಲ್ಲ.
ದಿನಕ್ಕ ಎರಡು ಮನಿ, ತಿಂಗಳಿಗಿ ಎರಡು,
ವರ್ಷಕ್ಕ ನಾಕು. ಖಾಲಿ ಬಿಟ್ರ ಕೆಂಪಗಾಗ್ತದ.
"ನೆನಪು ಮಾಡ್ಕೋ ಯವ್ವಾ."
ಗುಂಡಮ್ಮ ಕಣ್ಣು ಮುಚ್ಚಿ ನೆನಪು ಮಾಡ್ಲತ್ತಳು, ಜೋರಾಗಿ:
ತೊಗರಿ ರಾಶಿ ಆಗಿತ್ರಿ,
ಹೊಟ್ಟು ಇನ್ನಾ ಮನಿಗಿ ಬಂದಿದ್ದಿಲ್ಲ.
ಕಾಗಿಣಾದಾಗ ನೀರು ಮೊಣಕಾಲ ಮಟ.
ಆಕಳು ಈದಿತ್ತು, ಗಿಣ್ಣ ಕಾಸಿದ್ದೆ.
ವಾಡಿ ಫ್ಯಾಕ್ಟರ್ಯಾಗ ರಾತ್ರಿ ಪಾಳಿ ಮುಗಿಸಿ
ರೆಪ್ಪಿ ಮ್ಯಾಲೂ ಸಿಮಿಟು ಹೊತ್ಕೊಂಡು ಬಂದ್ರು,
ಜಳಕಕ್ಕ ನೀರು ಇಡು ಅಂದ್ರು.
ಇಟ್ಟೆ.
ಗಿಣ್ಣ ತಿನ್ರಿ ಅಂತ ಒದರ್ಲತ್ತೀನಿ, ಓ ಅನ್ನಲಿಲ್ಲ.
ಹಂಡ್ಯಾಗಿನ ನೀರು ಇನ್ನಾ ಬಿಸಿ ಇದ್ದವ್ರಿ.

"ಹೆಸರೇನವ್ವಾ ಅವರದು?"
ಸೆರಗು ಬಾಯಿಗಿ ಹೋಯ್ತು.
ಮೊಮ್ಮಗನ ಬೆನ್ನಿಗಿ ಒಂದು ಗುದ್ದಿದಳು, "ನೀ ಹೇಳೋ."
"ದೌಲಪ್ಪ," ಅಂದ ಅಂವ,
ತಾ ನೋಡದವನ ಹೆಸರು.

ಒಂದೂವರಿ ಆಗಿತ್ತು. ನಲವತ್ನಾಕು ಡಿಗ್ರಿ.
ಪಂಖಾ ಬಿಸಿಗಾಳೀನೇ ತಿರುವಿ ತಿರುವಿ ಹಾಕ್ಲತ್ತಿತ್ತು.
ಇಂಥಾ ಬಿಸಿಲಾಗೂ ಚಾ ಬಂತು, ಕಟ್ ಚಾ,
ಒಂದರಾಗ ಎರಡು. ಕಪ್ಪು ಗುಂಡಮ್ಮಗ ಕೊಟ್ಟೆ,
ಬಸಿ ನಾ ಇಟ್ಕೊಂಡೆ.
ತೊಗರಿ ರಾಶಿ ಅಂದ್ರ ಜನವರಿ.
ವರ್ಷ ಆ ಹುಡುಗನ ಮೀಸಿ ನೋಡಿ ಲೆಕ್ಕ ಹಾಕಿದೆ.
ತಾರೀಖು ಒಂದು ಅಂತ ಒತ್ತಿದೆ,
ಪರದೆ ಹಸರಾಯ್ತು.

"ಕಾಗದಾ ತಗೊಳಾಕ ಯಾವಾಗ ಬರ್ಲೋ ಯಪ್ಪಾ?"
ವಾರ ಹಿಡೀತದ ಅನ್ನಬೇಕಂತ ಬಾಯಿ ತೆಗದೆ,
"ಪರಸೋ," ಅಂದುಬಿಟ್ಟೆ.

"ಆಯ್ತು," ಅಂದಳು.
ಎದ್ದು ಹೋಗಲಿಲ್ಲ.
ಕಟ್ಟಿಯ ತಗ್ಗಿನಾಗ ಸರಿಯಾಗಿ ಕುಂತು
ಕಪ್ಪಿನ ಚಾ ಊದ್ಲತ್ತಳು.